ಸಹಾಯ ಬೇಕು: ಪರೀಕ್ಷೆಗೆ ಮುನ್ನ ನನ್ನ ಚಾಕುವಿನ ತಪ್ಪು ಹುಡುಕಿಕೊಡಿ

ಎಲ್ಲರಿಗೂ ನಮಸ್ಕಾರ. ಚಾಕು ಬಡಿಯುವವರ ಸಂಘವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಜರ್ನಿಮನ್ (‘ಮಾಸ್ಟರ್’ಗಿಂತ ಕೆಳಗಿನ ದರ್ಜೆ) ಪರೀಕ್ಷೆಗೆ ಇನ್ನು ಎರಡೇ ತಿಂಗಳಿದೆ. ನಾವೇ ಬಡಿದ ಚಾಕುವಿನಿಂದ, ತೂಗುಬಿಟ್ಟ 1 ಇಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು. ಟೂ ಬೈ ಫೋರ್ ಮರದ ಪಟ್ಟಿಯನ್ನು ಎರಡು ಸಲ ಕಡಿದು ತುಂಡರಿಸಬೇಕು. ಆಮೇಲೂ ಅದೇ ಅಲಗು ಕೈಯ ರೋಮ ಬೋಳಿಸಬೇಕು. ಕೊನೆಗೆ ವೈಸ್‌ಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸಬೇಕು. ಅಂಚು ಸ್ವಲ್ಪ ಸೀಳಿದರೆ ನಡೆಯುತ್ತದೆ, ಅಲಗು ಮುರಿದರೆ ಮುಗಿಯಿತು.

ಪೀಣ್ಯದ ಬಾಡಿಗೆ ಶೆಡ್‌ನಲ್ಲಿ 5160 ಎಂಬ ಸ್ಪ್ರಿಂಗ್ ಉಕ್ಕಿನಿಂದ ಬಡಿದ ಚಾಕು ಇದು. ಅಲಗು 9 ಇಂಚು. ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿದ ಮೇಲೆ, ಪೆಡಸುತನ ತಗ್ಗಲೆಂದು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಬಾರಿ, ತಲಾ ಎರಡು ಗಂಟೆ ಹದ ಮಾಡಿದ್ದೇನೆ. ಅಲಗಿನ ಬಾಯಿಯನ್ನು (ಹರಿತದ ಅಂಚು) ನೀರಿನಲ್ಲಿಟ್ಟು, ಬಗ್ಗಿಸಿದಾಗ ಮುರಿಯದಷ್ಟು ಮೆದುವಾಗಲೆಂದು ಬೆನ್ನನ್ನು ಗ್ಯಾಸ್ ಟಾರ್ಚ್‌ನ ಜ್ವಾಲೆಯಿಂದ ನೀಲಿ ಬಣ್ಣ ಬರುವವರೆಗೆ ಕಾಯಿಸಿದ್ದೇನೆ. ಇದಕ್ಕೂ ಮುಂಚಿನ ಚಾಕು ಬಗ್ಗಿಸುವಾಗ 60 ಡಿಗ್ರಿ ದಾಟುವ ಮೊದಲೇ ಪಟ್ಟೆಂದು ಮುರಿಯಿತು. ಮುರಿದ ಕಡೆ ಸಕ್ಕರೆಯಂತೆ ದಪ್ಪ ಕಾಳು. ಕುಲುಮೆಯಲ್ಲಿ ಅತಿಯಾಗಿ ಕಾಯಿಸಿದ್ದು ನಾನೇ, ಉಕ್ಕನ್ನು ದೂರುವುದಿಲ್ಲ.

ಈಗಿನ ಗೊಂದಲ ಬಾಯಿಯದು. ತೆಳುವಾಗಿಸಿದರೆ ಹಗ್ಗ ಬೆಣ್ಣೆಯಂತೆ ಕತ್ತರಿಸುತ್ತದೆ, ಆದರೆ ಮರ ಕಡಿದಾಗ ಅಂಚು ಮಡಚಿಕೊಳ್ಳುತ್ತದೆ. ಈಗ ಸ್ವಲ್ಪ ಉಬ್ಬು ಬಿಟ್ಟು ಸಾಣೆ ಹಿಡಿದಿದ್ದೇನೆ. ಇಷ್ಟು ಸಾಕೇ? ಬೆನ್ನಿನ ನೀಲಿ ಇನ್ನೂ ಕೆಳಗಿಳಿಯಬೇಕೇ? ಹಿಡಿಗಿಂತ ಅಲಗಿನ ಕಡೆ ಭಾರ ಹೆಚ್ಚಾಯಿತೇ?

ಕುಲುಮೆ ಕೆಲಸ ಬಲ್ಲವರು ಯಾರಾದರೂ ಭಾನುವಾರ ಶೆಡ್ಡಿಗೆ ಬಂದು ಕೈಯಲ್ಲಿ ಹಿಡಿದು ನೋಡಿದರೆ ಉಪಕಾರ. ಮನೆಯವರು ಹೊಗಳಿ ಆಗಿದೆ; ನನಗೆ ಬೇಕಿರುವುದು ಬೈಯುವವರು. ಕಾಫಿ ನನ್ನದು. ಬರಲಾಗದವರು ಕೆಳಗಿನ ಚಿತ್ರಗಳನ್ನು ನೋಡಿ ಹೇಳಿ.