ಮಲ್ಲೇಶ್ವರದ ಹಿಂದಿನ ಓಣಿ ಮತ್ತು ನಮ್ಮ ಮನೆ ಗ್ರೂಪ್

ಕಿಟ್ಟಿ (ಫಾರ್ವರ್ಡ್): ಬ್ರಿಟಿಷರು ಕಟ್ಟಿದ ಹಸಿರು ಸ್ವರ್ಗ ನಮ್ಮ ಬೆಂಗಳೂರಿನ ಮಲ್ಲೇಶ್ವರ! ಎಲ್ಲರೂ ಒಂದೇ ಮನೆಯವರಂತೆ ಬಾಳಿದ ಬಡಾವಣೆ. ಶೇರ್ ಮಾಡಿ 🙏

ದೊಡ್ಡಪ್ಪ: ಯಾವ ಬ್ರಿಟಿಷರೋ? ಅವರದ್ದು ದಂಡು, ಅಂದರೆ ಕಂಟೋನ್ಮೆಂಟ್. ಇದು ಮೈಸೂರು ಸರ್ಕಾರದ ಬಡಾವಣೆ. ಆಗ ಶೇಷಾದ್ರಿ ಅಯ್ಯರ್ ದಿವಾನರು. 1898ರಲ್ಲಿ ಹಳೇ ಊರಾದ ಪೇಟೆಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಮನೆ ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿ ಕಡೆ ಬಂದರು.

ಅತ್ತೆ: ಅದಕ್ಕೂ ಮುಂಚೆ ಇಲ್ಲಿ ಮಲ್ಲಾಪುರ ಇತ್ತು ಅಣ್ಣ. ಕಾಡು ಮಲ್ಲೇಶ್ವರನ ಗುಡಿಯ ಶಾಸನ 1669ರದು. ಶಿವಾಜಿಯ ಮಲತಮ್ಮ ಏಕೋಜಿ ದೇವರಿಗೆ ಮೇದರನಿಂಗನಹಳ್ಳಿ ಬಿಟ್ಟುಕೊಟ್ಟದ್ದು.

ಪುಟ್ಟಿ: ಅದೆಲ್ಲ ಸರಿ. 'ಒಂದೇ ಮನೆಯವರಂತೆ' ಅನ್ನೋದಕ್ಕೆ ನನ್ನ ತಕರಾರು. ಸೈಟು ಹಂಚುವಾಗಲೇ ಜಾತಿಗೊಂದು ಭಾಗ ಮಾಡಿದ್ದರು. ನಮ್ಮನೆ ಹಿಂದಿನ ಕನ್ಸರ್ವೆನ್ಸಿ ಓಣಿ ಯಾಕಿತ್ತು, ನೀವೇ ಹೇಳಿ ದೊಡ್ಡಪ್ಪ.

ಕಿಟ್ಟಿ: ನನ್ನ ಸ್ಕೂಟರ್ ನಿಲ್ಲಿಸೋಕೆ 😂

ದೊಡ್ಡಪ್ಪ: ಸುಮ್ನಿರೋ. ಕಕ್ಕಸು ತೆಗೆಯುವವರು ಬರಲು ಬಿಟ್ಟ ದಾರಿ ಅದು. ಮುಂಬಾಗಿಲಿಗೆ ಅವರು ಬರುವ ಹಾಗಿರಲಿಲ್ಲ. ಹಿತ್ತಲ ಗೋಡೆಯಲ್ಲಿ ಮೊಣಕಾಲೆತ್ತರದ ತಗಡಿನ ಬಾಗಿಲಿತ್ತು. ಹೊರಗಿನಿಂದಲೇ ತೆಗೆದು ಡಬ್ಬ ಎಳೆದುಕೊಳ್ಳುತ್ತಿದ್ದರು. ತಗಡು ಕರಕರ ಅಂದರೆ ಅಮ್ಮ ನಮ್ಮನ್ನು ಒಳಗೆ ಕರೆಯುತ್ತಿದ್ದಳು.

ಅತ್ತೆ: ಊಟದ ಹೊತ್ತಿಗೆ ಇದು ಬೇಕಿತ್ತಾ? ಎಲ್ಲ ಊರಲ್ಲೂ ಇತ್ತಮ್ಮ. ಸಂಪಿಗೆ ರಸ್ತೆ, ಎಂಟನೇ ಕ್ರಾಸಿನ ಹೂವು, ಸ್ಯಾಂಕಿ ಕೆರೆ, ಇದನ್ನು ಮಾತಾಡಬಾರದಾ?

ಪುಟ್ಟಿ: ಮಾತಾಡೋಣ ಅತ್ತೆ, ನನಗೂ ಅವೆಲ್ಲ ಇಷ್ಟ. ಆದರೆ ಬಡಾವಣೆ ಚೊಕ್ಕಟವಾಗಿಟ್ಟವರು ಫಾರ್ವರ್ಡಿನಲ್ಲಿ ಎಲ್ಲಿದ್ದಾರೆ? ತಲೆ ಮೇಲೆ ಮಲ ಹೊರಿಸೋದನ್ನು ನಿಲ್ಲಿಸೋಕೆ 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಬೇಕಾಯಿತು. ನಮ್ಮ ಬೀದಿಯವರಾಗಿ ನಿಲ್ಲಿಸಲಿಲ್ಲ.

ಅತ್ತೆ: ಅಂದರೆ ನಿನ್ನ ಅಜ್ಜಿ ತಾತ ಕೆಟ್ಟವರಾ?

ಪುಟ್ಟಿ: ಹಾಗಂದೆನಾ? ಅಜ್ಜಿ ಹಬ್ಬದ ದಿನ ಕಕ್ಕಸು ತೆಗೆಯುವವರಿಗೆ ಹಿತ್ತಲಲ್ಲೇ ಎಲೆ ಹಾಕಿ ಊಟ ಕೊಡುತ್ತಿದ್ದರು ಅಂತ ನೀವೇ ಹೇಳಿದ್ದೀರಿ. ಹಿತ್ತಲಲ್ಲಿ, ಅಲ್ವಾ?

(ಹತ್ತು ನಿಮಿಷ ಯಾರೂ ಇಲ್ಲ)

ಕಿಟ್ಟಿ: ಈಗ ಕೆಲವು ಓಣಿಗಳ ಗೋಡೆಗೆ ಚಿತ್ರ ಬರೆದಿದ್ದಾರೆ. ಜನ ಫೋಟೋ ತೆಗೆಸಿಕೊಳ್ಳುತ್ತಾರೆ.

ಪುಟ್ಟಿ: ಚಿತ್ರ ಇರಲಿ. ಪಕ್ಕದಲ್ಲಿ ಆ ಓಣಿ ಯಾಕೆ ಬಿಟ್ಟಿದ್ದರು ಅಂತ ಒಂದು ಬೋರ್ಡೂ ಇರಲಿ.

ಅತ್ತೆ: ಬೋರ್ಡು ಹಾಕಿ, ಮನೆಗಳ ರೇಟು ಬೀಳಲಿ!

ದೊಡ್ಡಪ್ಪ: ಬೀಳಲಿ ಬಿಡೇ. ಈಗಿನ ರೇಟಿಗೆ ನಮ್ಮ ಮೊಮ್ಮಕ್ಕಳೇ ಇಲ್ಲಿ ಒಂದು ರೂಮು ಕೊಳ್ಳಲು ಆಗಲ್ಲ.