ಕಾಲ್ಬೆರಳ ಸಂದಿನ ನರದ ಗಂಟು: ನರವನ್ನು ಬಿಡಿಸಿಕೊಳ್ಳುವುದೋ, ತೆಗೆಸುವುದೋ?

ಪ್ರಶ್ನೆ (ಶಾಲಾ ಶಿಕ್ಷಕಿ, ದಾವಣಗೆರೆ)

ನನಗೆ 47 ವರ್ಷ. ದಿನವಿಡೀ ನಿಂತು ಪಾಠ ಮಾಡುವ ಕೆಲಸ. ಒಂದೂವರೆ ವರ್ಷದಿಂದ ಬಲಗಾಲಿನ ಮೂರು ಮತ್ತು ನಾಲ್ಕನೆಯ ಬೆರಳುಗಳ ಬುಡದಲ್ಲಿ, ಚಪ್ಪಲಿಯೊಳಗೆ ಹರಳು ಸೇರಿಕೊಂಡಂತೆ ಒತ್ತುತ್ತದೆ, ಅಲ್ಲಿಂದ ಬೆರಳ ತುದಿಯವರೆಗೂ ಉರಿ ಹರಿಯುತ್ತದೆ. ಮೂರನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ಮೇಜಿನಡಿ ಚಪ್ಪಲಿ ಕಳಚಿ ಬೆರಳುಗಳನ್ನು ಅಗಲಿಸಿ ಹಿಡಿದರೆ ಮಾತ್ರ ಜೀವ ಬಂದಂತಾಗುತ್ತದೆ. ವೈದ್ಯರು ಪಾದವನ್ನು ಎರಡೂ ಬದಿಯಿಂದ ಅದುಮಿದಾಗ ಒಳಗೆ ಏನೋ ‘ಟಕ್’ ಎಂದು ಜಾರಿತು. ಸ್ಕ್ಯಾನಿನಲ್ಲಿ ಮಾರ್ಟನ್ಸ್ ನ್ಯೂರೋಮಾ, ಅಂದರೆ ಬೆರಳ ಸಂದಿನ ನರ ದಪ್ಪಗಾಗಿ ಗಂಟಿನಂತಾಗಿರುವುದು, ಎಂದು ಬಂದಿದೆ. ಚಪ್ಪಲಿಯಲ್ಲಿ ಪಾದದಡಿ ಮೆತ್ತೆ (ಪ್ಯಾಡ್) ಇಟ್ಟುಕೊಂಡು, ಎರಡು ಸ್ಟೀರಾಯ್ಡ್ ಇಂಜೆಕ್ಷನ್ ಆದರೂ ನೋವು ಮರಳಿದ್ದರಿಂದ, ಸಣ್ಣ ರಂಧ್ರದ ಮೂಲಕ ಶಸ್ತ್ರಚಿಕಿತ್ಸೆ ಮಾಡಬಹುದೆಂದಿದ್ದಾರೆ. ಗಂಟು ಎಂಬ ಮಾತು ಕೇಳಿಯೇ ಮನೆಯವರು ಹೆದರಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಫಿಸಿಯೋಥೆರಪಿಸ್ಟ್, ಚಿತ್ರದುರ್ಗ)

ಮೇಡಂ, ಮೊದಲು ಮನೆಯವರಿಗೆ ಧೈರ್ಯ ಹೇಳಿ. ಇದು ಕ್ಯಾನ್ಸರ್ ಅಲ್ಲ. ಪಾದದ ಉದ್ದ ಮೂಳೆಗಳ ತಲೆಗಳನ್ನು ಅಡ್ಡಲಾಗಿ ಬಿಗಿದಿರುವ ಲಿಗಮೆಂಟಿನ (ಗಟ್ಟಿ ನಾರಿನ ಪಟ್ಟಿಯ) ಅಡಿಯಲ್ಲಿ ಈ ನರ ಹಾದುಹೋಗುತ್ತದೆ. ಹಿಮ್ಮಡಿ ಎತ್ತಿ ಹೆಜ್ಜೆಯಿಟ್ಟಾಗಲೆಲ್ಲ ನರ ಅದಕ್ಕೆ ಒತ್ತಿಕೊಂಡು, ಸುತ್ತಲಿನ ಪದರ ದಪ್ಪಗಾಗುತ್ತದೆ. ನಿಮಗೆ ತಿಳಿದ ಆ ‘ಟಕ್’ ಅನ್ನು ಮಲ್ಡರ್ ಚಿಹ್ನೆ ಎನ್ನುತ್ತಾರೆ.

ಗಾಯ ಚಿಕ್ಕದೋ ದೊಡ್ಡದೋ ಎಂಬುದಕ್ಕಿಂತ ಒಳಗೆ ಏನು ಮಾಡುತ್ತಾರೆ ಎಂಬುದನ್ನೇ ನೀವು ಕೇಳಬೇಕು. ಸಣ್ಣ ರಂಧ್ರದ ವಿಧಾನದಲ್ಲಿ ಸಾಮಾನ್ಯವಾಗಿ ಆ ಲಿಗಮೆಂಟನ್ನು ಮಾತ್ರ ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುತ್ತಾರೆ. ನರ ಉಳಿಯುವುದರಿಂದ ಸ್ಪರ್ಶವೂ ಉಳಿಯುತ್ತದೆ. ಆದರೆ ನೋಟ ಕಿರಿದಾಗಿರುವುದರಿಂದ ಲಿಗಮೆಂಟ್ ಪೂರ್ತಿ ಬಿಡದೆ ಹೋಗಬಹುದು ಅಥವಾ ನರಕ್ಕೇ ಪೆಟ್ಟಾಗಬಹುದು. ನೋವು ಹೋಗದಿದ್ದರೆ ಮುಂದೆ ನರವನ್ನು ತೆಗೆಯಬೇಕಾಗಿಯೂ ಬರುತ್ತದೆ. ಅದಕ್ಕೆ ಮುಂಚೆ, ಮೆತ್ತೆಯನ್ನು ಎಲ್ಲಿ ಇಟ್ಟುಕೊಂಡಿದ್ದೀರಿ ನೋಡಿ: ನೋವಿರುವ ಜಾಗದ ಅಡಿಯಲ್ಲಿಟ್ಟರೆ ಒತ್ತಡ ಹೆಚ್ಚುತ್ತದೆ, ಅದರ ತುಸು ಹಿಂದಕ್ಕೆ ಇರಬೇಕು. ಎಷ್ಟೋ ಜನ ಇಲ್ಲಿಯೇ ತಪ್ಪುತ್ತಾರೆ.

ಉತ್ತರ (ಬೆಣ್ಣೆ ದೋಸೆ ಹೋಟೆಲ್ ನಡೆಸುವವರು, ದಾವಣಗೆರೆ)

ಅಕ್ಕ, ನಾನು ಮೂರು ವರ್ಷದ ಹಿಂದೆ ಪಾದದ ಮೇಲ್ಭಾಗದಿಂದ ಕೊಯ್ದು ನರವನ್ನೇ ತೆಗೆಸಿದೆ. ಆ ಹಳೆಯ ಉರಿ ಮತ್ತೆ ಬಂದಿಲ್ಲ, ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಎರಡು ಬೆರಳುಗಳ ಎದುರುಬದಿರು ಮೈ ಶಾಶ್ವತವಾಗಿ ಮರಗಟ್ಟಿದೆ. ಒಮ್ಮೆ ಒಲೆಯ ಕಿಡಿ ಆ ಸಂದಿಗೆ ಬಿದ್ದದ್ದು, ರಾತ್ರಿ ಕಾಲು ತೊಳೆಯುವಾಗ ಬೊಬ್ಬೆ ಕಂಡ ಮೇಲೆಯೇ ಗೊತ್ತಾಯಿತು. ಕತ್ತರಿಸಿದ ನರದ ತುದಿಯಲ್ಲಿ ಮತ್ತೆ ನೋವಿನ ಗಂಟು ಬೆಳೆಯಬಹುದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು, ನನಗೆ ಹಾಗಾಗಲಿಲ್ಲ. ನಿಮಗೆ ಸಕ್ಕರೆ ಕಾಯಿಲೆ ಇದೆಯೇ?

ಪ್ರಶ್ನೆ ಕೇಳಿದವರು

ಇದೆ ಅಣ್ಣ, ಆರು ವರ್ಷದಿಂದ ಇದೆ. ಇಂಜೆಕ್ಷನ್ ಆದ ವಾರ ಸಕ್ಕರೆ ಏರಿತ್ತು. ಸಕ್ಕರೆ ಕಾಯಿಲೆಯಿಂದಲೇ ಪಾದದ ಸ್ಪರ್ಶ ಕುಂದಬಹುದಲ್ಲ, ಹಾಗಾಗಿ ಇರುವ ಸ್ಪರ್ಶವನ್ನು ಕಳೆದುಕೊಳ್ಳಲು ಭಯವಾಗುತ್ತದೆ. ಮೆತ್ತೆಯನ್ನು ನಾನು ನೋವಿನ ಅಡಿಗೇ ಇಟ್ಟಿದ್ದೆ, ಇಂದು ಹಿಂದಕ್ಕೆ ಸರಿಸಿದ್ದೇನೆ. ದಸರಾ ರಜೆಯವರೆಗೆ ನೋಡಿ, ಸಕ್ಕರೆ ಹಿಡಿತಕ್ಕೆ ಬಂದಿದ್ದರೆ, ಮೊದಲು ಲಿಗಮೆಂಟ್ ಬಿಡಿಸುವುದನ್ನಷ್ಟೇ ಮಾಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳುತ್ತೇನೆ.