ಸಹಾಯ ಬೇಕು: ಎನ್ವಲಪ್ ಫಿಲ್ಟರ್ ಪೆಡಲ್ ಒಮ್ಮೆ ಬಾಯಿ ತೆರೆದು ಸುಮ್ಮನಾಗುತ್ತದೆ

ಗಿಟಾರ್‌ಗೆಂದು ಮನೆಯಲ್ಲೇ ಜೋಡಿಸಿದ ಎನ್ವಲಪ್ ಫಿಲ್ಟರ್ ಪೆಡಲ್ (ಮೀಟಿದ ಜೋರಿಗೆ ತಕ್ಕಂತೆ ಫಿಲ್ಟರ್ ತೆರೆದು ಮುಚ್ಚಿ ಧ್ವನಿಯ ಬಣ್ಣ ಬದಲಿಸುವ ಸಾಧನ) ಹಟ ಹಿಡಿದು ಕೂತಿದೆ. ಧ್ವನಿ ಬರುತ್ತದೆ, ಆದರೆ ಕಂಬಳಿ ಹೊದ್ದು ಹಾಡಿದಷ್ಟು ಮಂಕು. ಸ್ವಿಚ್ ಹಾಕಿದ ಮೇಲೆ ಮೊದಲ ಸಲ ಜೋರಾಗಿ ಮೀಟಿದಾಗ ಮಾತ್ರ ಫಿಲ್ಟರ್ ತೆರೆಯುತ್ತದೆ. ಆಮೇಲೆ ತಂತಿ ಹರಿಯುವಂತೆ ಮೀಟಿದರೂ ಕದಲುವುದಿಲ್ಲ. ಆರಿಸಿ ಮತ್ತೆ ಹಾಕಿದರೆ ಇದೇ ಕಥೆ.

ಟಿಎಲ್072 ಆಪ್ ಆಂಪ್‌ನ (ಸಿಗ್ನಲ್ ವರ್ಧಿಸುವ ಚಿಪ್) ಒಂದು ಭಾಗ ಸಿಗ್ನಲ್ಲನ್ನು ಹಿಗ್ಗಿಸುತ್ತದೆ. ಅದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 1ಎನ್4148 ಡಯೋಡ್ ದಾಟಿ, ಎನ್ವಲಪ್ (ಧ್ವನಿಯ ಜೋರಿನ ಏರಿಳಿತ) ಹಿಡಿಯುವ ಇನ್ನೊಂದು ಕೆಪಾಸಿಟರ್ ಸೇರುತ್ತದೆ. ಅಲ್ಲಿಂದ ಟ್ರಾನ್ಸಿಸ್ಟರ್, ಎಲ್‌ಇಡಿ, ಎದುರಿಗೆ ಫಿಲ್ಟರ್ ತೆರೆಯುವ ಎಲ್‌ಡಿಆರ್ (ಬೆಳಕು ಬಿದ್ದರೆ ರೋಧ ಇಳಿಯುವ ರೆಸಿಸ್ಟರ್).

9 ವೋಲ್ಟ್ ಪೂರೈಕೆಗೆ ಆಪ್ ಆಂಪ್‌ನ 1ನೇ ಪಿನ್‌ನಲ್ಲಿ (ಔಟ್‌ಪುಟ್) 4.5 ವೋಲ್ಟ್ ಸರಿಯಾಗಿದೆ. ಮೀಟಿದಾಗ ಅಲ್ಲಿ ಎಸಿ 2 ವೋಲ್ಟ್‌ವರೆಗೆ ಏರುತ್ತದೆ. ಎಲ್‌ಡಿಆರ್ ಮೇಲೆ ಟಾರ್ಚ್ ಬಿಟ್ಟರೆ ಫಿಲ್ಟರ್ ಸೊಗಸಾಗಿ ತೆರೆದುಕೊಳ್ಳುತ್ತದೆ, ಹಾಗಾಗಿ ಆ ಭಾಗದ ಮೇಲೆ ಅನುಮಾನವಿಲ್ಲ.

ನನ್ನ ಗುಮಾನಿ ಡಯೋಡ್‌ಗಿಂತ ಮೊದಲು ಬರುವ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೇಲೆ. ಒಮ್ಮೆ ಚಾರ್ಜ್ ಆದ ಅದಕ್ಕೆ ಖಾಲಿಯಾಗಲು ದಾರಿಯೇ ಇಲ್ಲವಲ್ಲ! ನಕ್ಷೆಯಲ್ಲಿ ಅದೂ ಡಯೋಡೂ ಕೂಡುವಲ್ಲಿಂದ ಗ್ರೌಂಡ್‌ಗೆ ಏನನ್ನೂ ತೋರಿಸಿಲ್ಲ. ಅಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಸಾಕೇ, ಅಥವಾ ಎರಡನೇ ಡಯೋಡ್ ಹಾಕಿ ವೋಲ್ಟೇಜ್ ಡಬ್ಲರ್ (ವೋಲ್ಟೇಜನ್ನು ಸುಮಾರು ಇಮ್ಮಡಿಸುವ ಜೋಡಣೆ) ಮಾಡುವುದು ಲೇಸೇ? ಮೆಲ್ಲಗೆ ನುಡಿಸಿದಾಗಲೂ ಸ್ಪಂದಿಸಬೇಕು. ಕಟ್ಟಿ ನೋಡಿದವರು ದಯವಿಟ್ಟು ತಿಳಿಸಿ.